ಏಳು ನೀರಿನಿಂದ ಎರಡು ನೀರಿಗೆ

ಬೆಳಕು ಇನ್ನೂ ಕಿಟಕಿಯ ಸರಳು ಹಿಡಿದು ಇಣುಕುತ್ತಿದೆ, ಒಳಗೆ ಕಾಲಿಟ್ಟಿಲ್ಲ. ನೂಲಿನ ಕಾರ್ಖಾನೆಯ ಹಾಸ್ಟೆಲಿನ ಅಡುಗೆಮನೆಯಲ್ಲಿ, ಸಿಮೆಂಟು ತೊಟ್ಟಿಯ ಮುಂದೆ ಒಬ್ಬ ಹೆಂಗಸು ಮೊಣಕೈವರೆಗೆ ಅಕ್ಕಿಯಲ್ಲಿ ಮುಳುಗಿದ್ದಾರೆ. ಮೊದಲ ನೀರು ಗಟ್ಟಿ ಹಾಲಿನಂತಿದೆ, ಬಸಿಯುತ್ತಾರೆ. ಎರಡನೆಯ ನೀರು ನೀರು ಬೆರೆಸಿದ ಹಾಲಿನಂತಿದೆ, ಅದನ್ನೂ ಬಸಿಯುತ್ತಾರೆ. ಅಷ್ಟಕ್ಕೆ ಕೆಲಸ ಮುಗಿಯಬೇಕು. ಆದರೆ ಬಲಗೈ ಯಾರ ಅಪ್ಪಣೆಯನ್ನೂ ಕೇಳದೆ ಮತ್ತೆ ನಲ್ಲಿಯ ಕಡೆಗೆ ಹೊರಡುತ್ತದೆ. ಎಡಗೈ ಅದಕ್ಕೊಂದು ಪೆಟ್ಟು ಕೊಡುತ್ತದೆ.

“ಸಾಕು ಅಂದ್ನಲ್ಲ! ಎಷ್ಟು ಸಲ ಹೇಳ್ಬೇಕು ನಿಂಗೆ?”

ಪಕ್ಕದಲ್ಲಿ ಎಲೆಕೋಸು ಹೆಚ್ಚುತ್ತಿರುವ ಸಹಾಯಕಿ ತಲೆ ಎತ್ತುವುದಿಲ್ಲ. ಅಕ್ಕನಿಗೂ ಅಕ್ಕನ ಬಲಗೈಗೂ ದಿನ ಬೆಳಗಾದರೆ ಈ ಜಗಳ ಇದ್ದದ್ದೇ. ಆದರೆ ಇವತ್ತು ಅಕ್ಕನ ಗಮನ ಬೈಗುಳದ ಮೇಲಿಲ್ಲ. ಅಕ್ಕ ಆಗಾಗ ಸೆರಗಿನಲ್ಲಿ ಕೈ ಒರೆಸಿಕೊಂಡು ಕಿಟಕಿಗೆ ಹೋಗಿ ಕಾರ್ಖಾನೆಯ ಗೇಟು ನೋಡಿ ಬರುತ್ತಾರೆ. ಗೇಟಿನ ಪಕ್ಕದ ಮೋಟು ಸ್ಟೂಲಿನ ಮೇಲೆ ಅವರ ಗಂಡ ಕೂತಿದ್ದಾರೆ. ಇವತ್ತು ಮೊದಲ ಲಾರಿ ಬರುವ ಹೊತ್ತಿಗೆ ಮ್ಯಾನೇಜರು ಖುದ್ದಾಗಿ ಅಲ್ಲಿ ಬಂದು ನಿಲ್ಲುತ್ತಾರೆ. ಲಾರಿ ಹಾರನ್ ಮಾಡಿದಾಗ ಗಂಡ ಎದ್ದು ಗೇಟು ತೆಗೆದರೆ ಕೆಲಸ ಉಳಿಯುತ್ತದೆ. ಏಳಲಾಗದಿದ್ದರೆ ಸ್ಟೂಲಿನ ಮೇಲೆ ಬೇರೆಯವರು ಕೂರುತ್ತಾರೆ.

ಎದ್ದು ನಿಲ್ಲುವುದು ಯಾವ ಮಹಾ ಪರೀಕ್ಷೆ ಎಂದು ಕೇಳಬಹುದು. ಈ ಹಾಸ್ಟೆಲಿನಲ್ಲಿ ಕೇಳಬೇಡಿ.

ಅಕ್ಕನಿಗೆ ಹೆತ್ತವರು ಇಟ್ಟ ಹೆಸರೊಂದು ಇದೆ. ಸಂಬಳದ ದಿನ ಮಾತ್ರ ಅದಕ್ಕೆ ಕೆಲಸ. ಉಳಿದ ದಿನಗಳಲ್ಲಿ ಅವರು ಎಲ್ಲರಿಗೂ ಏಳುನೀರಕ್ಕ. ಇನ್ನೂರು ಜನ ನೂಲುವವರಿಗೆ ಮೂರು ಹೊತ್ತೂ ಅನ್ನ ಮಾಡಿ ಹಾಕುವ ಈ ಅಕ್ಕ ಹೊತ್ತಿಗೆ ನಲವತ್ತು ಕಿಲೋ ಅಕ್ಕಿಯನ್ನು ಏಳು ನೀರಿನಲ್ಲಿ ತೊಳೆಯುತ್ತಿದ್ದರು. ಆರು ನೀರಿಗೆ ನಿಲ್ಲಿಸಿದವರನ್ನು ಕಂಡರೆ ಅವರಿಗೆ ಹಲ್ಲುಜ್ಜದೆ ಬಂದವರನ್ನು ಕಂಡಂತಾಗುತ್ತಿತ್ತು.

ಈ ವಿದ್ಯೆ ಅತ್ತೆಯಿಂದ ಬಂದದ್ದು. ಆ ಮನೆಯಲ್ಲಿ ಸೊಸೆಯರನ್ನು ಅಳೆಯುತ್ತಿದ್ದದ್ದು ಅಕ್ಕಿ ತೊಳೆದ ನೀರಿನಲ್ಲಿ. “ಪಾತ್ರೆ ತಳದಲ್ಲಿ ಬಿದ್ದ ಸೂಜಿ ಕಾಣೋ ಅಷ್ಟು ನೀರು ತಿಳಿಯಾಗ್ಬೇಕು ಅನ್ನೋರು ನಮ್ಮತ್ತೆ,” ಎಂದು ಏಳುನೀರಕ್ಕ ನೆನೆಯುತ್ತಾರೆ. “ಬರೀ ಮಾತಲ್ಲ, ಒಂದಿನ ನಿಜವಾಗ್ಲೂ ಸೂಜಿ ಹಾಕಿ ನೋಡಿದ್ರು. ಸೂಜಿ ಸಿಕ್ತು. ನಮ್ಮ ಮಾವನ ತಟ್ಟೇಲಿ.”

ತೊಳೆದದ್ದು ಸಾಲದು ಎಂಬಂತೆ, ಅನ್ನ ಬೆಂದ ಮೇಲೆ ಗಂಜಿಯನ್ನು ಒಂದು ಹನಿಯೂ ಬಿಡದೆ ಬಸಿಯುತ್ತಿದ್ದರು. ಅಗುಳಿಗೆ ಅಗುಳು ಅಂಟಬಾರದು, ಅಕ್ಕಪಕ್ಕದ ಮನೆಯವರ ಹಾಗೆ ದೂರದಿಂದಲೇ ಮಾತಾಡಿಸಿಕೊಂಡಿರಬೇಕು ಎನ್ನುವುದು ಅವರ ಶಾಸ್ತ್ರ. ಆ ಅನ್ನದ ಬಿಳುಪಿನ ಮುಂದೆ ತಟ್ಟೆಯೇ ಮಾಸಿದಂತೆ ಕಾಣುತ್ತಿತ್ತು. ಜೊತೆಗಿರುತ್ತಿದ್ದ ಸಾರಿನ ಬಗ್ಗೆ ಹೆಚ್ಚು ಹೇಳುವಂತಿಲ್ಲ. ಅದರಲ್ಲಿ ಒಂದು ಎಲೆಕೋಸಿನ ಚೂರು ಇನ್ನೊಂದನ್ನು ಹುಡುಕಿಕೊಂಡು ಈಜುತ್ತಿತ್ತು. ನೂಲುವ ಹುಡುಗರು ಸಾರಿನ ಮುಖ ನೋಡದೆ ಅನ್ನದ ಮುಖ ನೋಡಿಕೊಂಡೇ ಉಣ್ಣುತ್ತಿದ್ದರು.

ತೊಳೆದ ನೀರು, ಬಸಿದ ಗಂಜಿ ಎಲ್ಲವೂ ಹಿತ್ತಲ ಗೋಡೆಯಾಚೆಗಿನ ಕಲ್ಲುಬಾನಿಗೆ ಹೋಗುತ್ತಿತ್ತು. ಅಲ್ಲಿ ಮೇಕೆಯಜ್ಜಿ ಎಂಬ ಒಂಟಿ ಮುದುಕಿಯೂ ಅವಳ ಒಂಟಿ ಹೋತವೂ ಇದ್ದಾರೆ. ಮರಿಯಾಗಿದ್ದಾಗ ಇವತ್ತೋ ನಾಳೆಯೋ ಎಂಬಂತಿದ್ದ ಆ ಹೋತ, ಹಾಸ್ಟೆಲಿನ ನೀರು ಕುಡಿದು ಕುಡಿದು ಪೈಲ್ವಾನ್ ಎಂಬ ಬಿರುದು ಪಡೆಯಿತು. ಬೀದಿಯ ನಾಯಿಗಳು ಅದಕ್ಕೆ ದಾರಿ ಬಿಟ್ಟು ಗೋಡೆಗೆ ಒತ್ತಿ ನಿಲ್ಲುತ್ತವೆ.

ಪಕ್ಕದ ಬೀದಿಯ ಚಿಕ್ಕ ಗಿರಣಿ ಮುಚ್ಚಿದ ವರ್ಷ ಕಷ್ಟ ಶುರುವಾಯಿತು. ಆ ಗಿರಣಿಯ ಯಂತ್ರಕ್ಕೆ ವಯಸ್ಸಾಗಿತ್ತು. ಅಕ್ಕಿಯ ಮೈಮೇಲೆ ಅಷ್ಟಿಷ್ಟು ತೌಡು ಉಳಿಸಿಯೇ ಕೊಡುತ್ತಿತ್ತು. ಅದರ ಬದಲು ದೊಡ್ಡ ಗಿರಣಿಯ ಡಬಲ್ ಪಾಲಿಶ್ ಅಕ್ಕಿ ಬಂತು. ಮೂಟೆ ಬಿಚ್ಚಿದ ದಿನ ಏಳುನೀರಕ್ಕನಿಗೆ ಮುತ್ತಿನ ಪೆಟ್ಟಿಗೆ ತೆರೆದಂತಾಯಿತಂತೆ. ಅಷ್ಟು ಬೆಳ್ಳಗಿದ್ದ ಅಕ್ಕಿಗೆ ಏಳು ನೀರು ಬೇಕಿತ್ತೇ? “ಬೆಳ್ಳಗಿದೆ ಅಂತ ಮಗೂಗೆ ಸ್ನಾನ ಮಾಡ್ಸದೆ ಬಿಡ್ತಾರಾ?” ಎನ್ನುತ್ತಾರೆ ಅವರು.

ಕೆಲವು ತಿಂಗಳು ಕಳೆದವು. ನೂಲುವವರಲ್ಲಿ ಒಬ್ಬ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಊಟಕ್ಕೆ ಬಂದ. ಇನ್ನೊಂದೆಲ್ಲಿ ಎಂದರೆ ಬಗ್ಗಿ ನೋಡಿ ಅವನೇ ಬೆಚ್ಚಿದ. ಕಾಲಿನಿಂದ ಕಳಚಿದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. ಅವತ್ತಿನಿಂದ ಅವನು ಒಂಟಿಚಪ್ಪಲಿ. ನಕ್ಕವರ ಕಾಲೂ ಜೋಮು ಹಿಡಿಯತೊಡಗಿತು. ಕೆಲವರ ಪಾದ ಊದಿತು. ನೂಲಿನ ಯಂತ್ರಗಳ ನಡುವೆ ಹುಡುಗರು ತೂರಾಡುವುದನ್ನು ಕಂಡ ಮೇಸ್ತ್ರಿ, ಇದು ಕುಡಿತವೇ ಎಂದು ತೀರ್ಮಾನಿಸಿ, ಒಬ್ಬೊಬ್ಬರ ಬಾಯಿಗೂ ಮೂಗು ಹಿಡಿದು ಬೆಳಗ್ಗೆಯೆಲ್ಲ ಮೂಸಿದ. ಎಲೆಕೋಸಿನ ವಾಸನೆ ಬಿಟ್ಟರೆ ಏನೂ ಸಿಗಲಿಲ್ಲ. ಮಧ್ಯಾಹ್ನ ಅವನಿಗೇ ಊಟ ಸೇರಲಿಲ್ಲ.

ಗೇಟಿನಲ್ಲಿ ಅಕ್ಕನ ಗಂಡನ ಪಾಡು ಇನ್ನೂ ಚೆಂದ. ಒಂದು ದಿನ ಲಾರಿ ಬಂದು ಹಾರನ್ ಮಾಡಿತು. ಇವರು “ಬಂದೆ” ಎಂದರು. ಮೊಣಕಾಲಿಗೆ ಕೈ ಊರಿದರು, ಗೋಡೆಗೆ ಕೈ ಊರಿದರು, ಮತ್ತೆ “ಬಂದೆ” ಎಂದರು. ಅಷ್ಟರಲ್ಲಿ ಡ್ರೈವರು ಇಳಿದು ತಾನೇ ಗೇಟು ತೆಗೆದ, ಲಾರಿ ಒಳಗೆ ತಂದ, ಗೇಟು ಹಾಕಿದ, ಬಂದು ಇವರ ಭುಜ ತಟ್ಟಿ, “ಎದ್ದೇಳ್ಬೇಡಿ ಯಜಮಾನ್ರೇ, ನಿಮ್ಮನೆ ಅಂತಾನೇ ತಿಳ್ಕೊಳ್ಳಿ,” ಎಂದು ಹೋದ. ಈ ಮಾತು ಮ್ಯಾನೇಜರ ಕಿವಿಗೂ ಬಿತ್ತು.

ಆಗ ಬಂದವರು ಕಾರ್ಖಾನೆಯ ಹೊಸ ನರ್ಸಮ್ಮ. ಅವರು ಬಾಯಿ ಮೂಸಲಿಲ್ಲ. ಎಲ್ಲರನ್ನೂ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ, “ಕುಕ್ಕುರುಗಾಲಲ್ಲಿ ಕೂತ್ಕೊಳ್ಳಿ. ಈಗ ಕೈ ಊರದೆ ಎದ್ದೇಳಿ,” ಎಂದರು.

ಕೂತವರಲ್ಲಿ ಅರ್ಧಕ್ಕರ್ಧ ಜನ ಕೂತೇ ಇದ್ದರು. ಒಬ್ಬ ಪಕ್ಕದವನನ್ನು ಹಿಡಿದು ಏಳಲು ಹೋಗಿ ಇಬ್ಬರೂ ಮಗುಚಿಕೊಂಡರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಏಳುನೀರಕ್ಕನಿಗೆ ನಗು ತಡೆಯಲಾಗಲಿಲ್ಲ. “ಉಂಡು ಉಂಡು ಕೊಬ್ಬು ನಿಮ್ಗೆ! ಇಷ್ಟು ಅನ್ನ ಹಾಕಿದ್ದು ಇದಕ್ಕಾ? ನೋಡಿ, ಹೀಗೆ,” ಎಂದು ತೋರಿಸಲು ತಾವೇ ಕೂತರು.

ಏಳಲಾಗಲಿಲ್ಲ.

“ನಗ್ತಾ ಕೂತೋಳು ಅಳ್ತಾ ಎದ್ದೆ,” ಎನ್ನುತ್ತಾರೆ ಏಳುನೀರಕ್ಕ. “ಅದೂ ನಾನಾಗಿ ಎದ್ದದ್ದಲ್ಲ, ಇಬ್ರು ಎಳೆದ್ರು. ಕೈಕಾಲು ಜೋಮು ಹಿಡಿದ್ರೆ ತಣ್ಣೀರಲ್ಲಿ ಕೆಲಸ ಮಾಡ್ತೀನಲ್ಲ, ಅದಕ್ಕೆ ಅಂದ್ಕೊಂಡಿದ್ದೆ.”

ಆ ಹೊತ್ತಿಗೆ ಗೋಡೆಯಾಚೆ ಮಲಗಿದ್ದ ಪೈಲ್ವಾನ್, ಬಾನಿಗೆ ನೀರು ಬೀಳುವ ಸದ್ದು ಕೇಳಿ, ಒಂದೇ ನೆಗೆತಕ್ಕೆ ಎದ್ದು ಗೋಡೆಯ ಮೇಲೆ ಮುಂಗಾಲಿಟ್ಟು ಎಲ್ಲರನ್ನೂ ನೋಡಿತು. ಅವತ್ತು ಅಲ್ಲಿ ಅಷ್ಟು ಸಲೀಸಾಗಿ ಎದ್ದು ನಿಂತದ್ದು ಅದೊಂದೇ. ನರ್ಸಮ್ಮ ಅದನ್ನು ನೋಡಿದರು, ಬಾನಿ ನೋಡಿದರು, ಅಡುಗೆಮನೆಯಿಂದ ಬಾನಿಗೆ ಹೋಗುವ ಕೊಳವೆ ನೋಡಿದರು. “ಅಕ್ಕ, ನಾಳೆ ಬೆಳಿಗ್ಗೆ ನೀವು ಅಕ್ಕಿ ತೊಳೆಯೋದನ್ನ ನೋಡ್ಬಹುದಾ?” ಎಂದು ಕೇಳಿದರು.

ಅಕ್ಕ ಹಿಗ್ಗಿದರು. ಇಷ್ಟು ವರ್ಷಕ್ಕೆ ತಮ್ಮ ಕೆಲಸ ನೋಡಲು ಒಬ್ಬರು ಬಂದರಲ್ಲ! ಏಳನೆಯ ನೀರಿನಲ್ಲಿ ಬೆರಳುಗುರು ಅದ್ದಿ, ಹೇಗಿದೆ ಎಂಬಂತೆ ತಲೆ ಎತ್ತಿದರು. ನರ್ಸಮ್ಮ ಬೋರಲು ಹಾಕಿದ್ದ ಕೊಪ್ಪರಿಗೆಯ ಮೇಲೆ ತಲೆ ಹಿಡಿದು ಕೂತಿದ್ದರು.

“ಅಕ್ಕ, ಕಾಲಿನ ಶಕ್ತಿ ಇರೋದು ಅಕ್ಕಿ ಮೇಲಿನ ತೌಡಲ್ಲಿ. ಅದರೊಳಗೊಂದು ಸತ್ವ ಇದೆ, ವಿಟಮಿನ್ ಬಿ ಒಂದು ಅಂತ. ನೀರು ಸೋಕಿದ್ರೆ ಕರಗಿ ಹೋಗುತ್ತೆ. ಗಿರಣಿಯವನು ಮುಕ್ಕಾಲು ಪಾಲು ಉಜ್ಜಿ ತೆಗೆದ. ಉಳಿದದ್ದನ್ನ ನೀವು ತೊಳೆದು ತೊಳೆದು ಮೇಕೆಗೆ ಕೊಟ್ರಿ. ಚೂರುಪಾರು ಇದ್ದದ್ದು ಗಂಜೀಲಿ ಹೋಯ್ತು. ತಿನ್ನೋದೆಲ್ಲ ಅನ್ನ, ಅನ್ನದಿಂದ ಕಸುವು ತೆಗೆಯೋ ಸತ್ವ ಮಾತ್ರ ಇಲ್ಲ. ಒಲೆ ತುಂಬ ಸೌದೆ ಇಟ್ಟು ಬೆಂಕಿಕಡ್ಡಿ ಬಿಸಾಕಿದ ಹಾಗೆ.”

“ಹಾಗಾದ್ರೆ ಇದಕ್ಕೊಂದು ಹೆಸರಿದೆಯಾ?” ಎಂದು ಬಾಗಿಲಿಗೆ ಒರಗಿದ್ದ ಗಂಡ ಕೇಳಿದರು.

“ಬೆರಿಬೆರಿ ಅಂತಾರೆ. ‘ನನ್ನ ಕೈಲಾಗಲ್ಲ, ಕೈಲಾಗಲ್ಲ’ ಅನ್ನೋ ಅರ್ಥದ ಮಾತಿಂದ ಬಂತು ಅಂತ ಹೇಳೋರಿದ್ದಾರೆ.”

“ನೋಡಿದ್ಯಾ?” ಗಂಡ ಹೆಂಡತಿಯ ಕಡೆ ತಿರುಗಿದರು. “ಆರು ತಿಂಗಳಿಂದ ನಾನು ಅದನ್ನೇ ಹೇಳ್ತಿದ್ದೆ. ನೀನು ಸೋಮಾರಿತನ ಅಂದೆ.”

ಆಮೇಲೆ ನರ್ಸಮ್ಮ ಹೇಳಿದ ಕೋಳಿಗಳ ಕಥೆಯನ್ನು ಏಳುನೀರಕ್ಕ ಈಗ ಅನ್ನ ಬೇಯುವಷ್ಟು ಹೊತ್ತು ಹೇಳುತ್ತಾರೆ. ಜನ ಒನಕೆಯಲ್ಲಿ ಭತ್ತ ಕುಟ್ಟಿಕೊಂಡು ತಿನ್ನುತ್ತಿದ್ದಾಗ ಅಕ್ಕಿಯಲ್ಲಿ ಅಷ್ಟಿಷ್ಟು ತೌಡು ಉಳಿಯುತ್ತಿತ್ತು. ಉಗಿಯಂತ್ರದ ಗಿರಣಿಗಳು ಬಂದು ಅಕ್ಕಿಯನ್ನು ಹೊಳೆಯುವಂತೆ ಉಜ್ಜತೊಡಗಿದ ಮೇಲೆ ಈ ರೋಗ ಹಬ್ಬಿತು. ಹಡಗಿನಲ್ಲಿ, ಜೈಲಿನಲ್ಲಿ, ದಂಡಿನಲ್ಲಿ, ಹೀಗೆ ಒಂದೇ ಒಲೆಯಿಂದ ನೂರಾರು ಜನಕ್ಕೆ ಬಿಳಿ ಅನ್ನ ಬರುವ ಕಡೆಯೆಲ್ಲ ಜನ ಕಾಲು ಸೋತು ಬಿದ್ದರು, ಎದೆಬಡಿತ ನಿಂತು ಸತ್ತರು. ಯಾವುದೋ ಕ್ರಿಮಿಯ ಕೆಲಸವೆಂದು ಡಾಕ್ಟರುಗಳು ಹುಡುಕುತ್ತಿದ್ದರು. ಒಂದು ದಂಡಿನ ಆಸ್ಪತ್ರೆಯಲ್ಲಿ ಅದಕ್ಕೆಂದೇ ಸಾಕಿದ್ದ ಕೋಳಿಗಳೂ ತೂರಾಡತೊಡಗಿದವು. ಸಿಕ್ಕಿತು ಕ್ರಿಮಿ ಎಂದು ಡಾಕ್ಟರು ಸಡಗರಪಡುವಷ್ಟರಲ್ಲಿ ಕೋಳಿಗಳು ತಾವಾಗಿಯೇ ನೆಟ್ಟಗಾದವು! ವಿಚಾರಿಸಿದರೆ, ಅವಕ್ಕೆ ಅಡುಗೆಮನೆಯಲ್ಲಿ ಮಿಕ್ಕ ಬಿಳಿ ಅನ್ನ ಹಾಕುತ್ತಿದ್ದರಂತೆ. ಹೊಸದಾಗಿ ಬಂದ ಅಡುಗೆಯವನು, ದಂಡಿನವರ ಅನ್ನ ಈ ಕೋಳಿಗಳಿಗೇಕೆ ಎಂದು ಕೊಡುವುದನ್ನು ನಿಲ್ಲಿಸಿದ್ದ. ತೌಡಿರುವ ಒರಟು ಅಕ್ಕಿ ತಿಂದು ಕೋಳಿಗಳು ಎದ್ದವು. ಬಿಳಿ ಅಕ್ಕಿಯಲ್ಲಿ ಏನೋ ವಿಷವಿದೆ ಎಂದುಕೊಂಡವರು, ಅದರಲ್ಲಿ ಏನೋ ಇಲ್ಲ ಎಂದು ತಿಳಿಯಲು ಇನ್ನೂ ಕೆಲವು ವರ್ಷ ಬೇಕಾಯಿತು.

“ಆ ಅಡುಗೆಯವನ ಹೆಸರೇನು?” ಎಂದು ಅಕ್ಕ ಅವತ್ತು ಕೇಳಿದ್ದರು.

“ಡಾಕ್ಟರ ಹೆಸರು ಪುಸ್ತಕದಲ್ಲಿದೆ. ಅಡುಗೆಯವನದ್ದು ನಾನು ಓದಿದ ಕಡೆ ಎಲ್ಲೂ ಇರ್ಲಿಲ್ಲ ಅಕ್ಕ.”

“ಅಲ್ಲ, ನಾನೂ ಒಲೆ ಮುಂದೆ ಇರೋಳು, ನಂಗೊತ್ತು. ಅವನೇನು ಲೋಕೋದ್ಧಾರಕ್ಕೆ ಅನ್ನ ನಿಲ್ಲಿಸಿರಲ್ಲ. ಜಿಪುಣ ಇರ್ಬೇಕು ಮುಂಡೇದು. ಆದ್ರೂ ಡಾಕ್ಟರಿಗೆ ಹೆಸರು, ಕೋಳಿಗೆ ಕಥೆ, ಅವನಿಗೆ ಬರೀ ಮಸಿ ಅಂದ್ರೆ ಹೇಗೆ?”

ನರ್ಸಮ್ಮ ಡಾಕ್ಟರನ್ನು ಕರೆಸಿ ಎಲ್ಲರಿಗೂ ಮಾತ್ರೆ ಕೊಡಿಸಿದರು, ತೀರ ಸೋತವರಿಗೆ ಸೂಜಿಮದ್ದು ಕೊಡಿಸಿದರು. ಅಡುಗೆಮನೆಗೂ ಹೊಸ ಕಾನೂನು ಬಂತು: ಅರ್ಧ ಪಾಲಿಶಿನ ಕಂದು ಅಕ್ಕಿ, ದಿನಾ ಕಾಳು, ಗಂಜಿ ಬಸಿಯುವಂತಿಲ್ಲ, ತೊಳೆಯುವುದು ಒಂದೇ ನೀರು. ಒಂದೇ ನೀರು ಎಂದದ್ದಕ್ಕೆ ಅಕ್ಕ ಉಗ್ರಾಣದ ಬಾಗಿಲು ಹಾಕಿಕೊಂಡರು. ನರ್ಸಮ್ಮ ಹೊರಗೆ ನಿಂತು ಚೌಕಾಸಿ ಮಾಡಿ ಎರಡಕ್ಕೆ ಒಪ್ಪಿದರು. “ಒಂದು ನೀರು ದೂಳಿಗೆ, ಇನ್ನೊಂದು ನಿಮ್ಮ ಸಮಾಧಾನಕ್ಕೆ.”

ಕಂದು ಅನ್ನ ಬಡಿಸಿದ ಮೊದಲ ದಿನ ಒಂಟಿಚಪ್ಪಲಿ ತಟ್ಟೆಯನ್ನು ಬೆಳಕಿಗೆ ಹಿಡಿದು, “ಅಕ್ಕ, ಇವತ್ತು ತೊಳೆಯೋದು ಮರೆತ್ರಾ?” ಎಂದ. ಸೌಟು ಅವನ ತಲೆಯ ಮೇಲೆ ಬೀಳದೆ ಉಳಿದದ್ದು ಅಕ್ಕನ ಕೈ ಇನ್ನೂ ಜೋಮಿನಲ್ಲಿದ್ದುದರಿಂದ. ಆದರೆ ವಾರಗಳು ಕಳೆದಂತೆ ಹುಡುಗರ ನಡಿಗೆ ನೆಟ್ಟಗಾಯಿತು. ಒಂಟಿಚಪ್ಪಲಿ ಎರಡೂ ಚಪ್ಪಲಿ ಮೆಟ್ಟಿ ಓಡಾಡತೊಡಗಿದ. ಹೆಸರು ಮಾತ್ರ ಬಿಟ್ಟು ಹೋಗಲಿಲ್ಲ. ನಷ್ಟವಾದದ್ದು ಪೈಲ್ವಾನ್‌ಗೆ. ಏಳು ನೀರು ಎರಡಾಗಿ, ಗಂಜಿ ನಿಂತು, ಅದು ಬಾನಿಯ ಮುಂದೆ ಅಳಿಯನ ಹಾಗೆ ಮುನಿಸಿಕೊಂಡು ನಿಲ್ಲುತ್ತಿತ್ತು. ಮೇಕೆಯಜ್ಜಿ ಗೋಡೆಯ ಮೇಲಿಂದಲೇ ಜಗಳ ತೆಗೆದಳು: “ನಿಮ್ಮ ಹುಡುಗರಿಗೆ ಕಾಲು ಬರ್ಲಿ ಅಂತ ನನ್ನ ಮೇಕೆ ಹೊಟ್ಟೆಗೆ ಹೊಡೀತೀಯೇನೇ? ಅದಕ್ಕೆ ಯಾವ ನರ್ಸಮ್ಮ ಇದ್ದಾಳೆ?”

ಎಲ್ಲರೂ ಎದ್ದರೂ ಗೇಟಿನವರು ಮಾತ್ರ ಏಳಲಿಲ್ಲ. ಮಾತ್ರೆ ನುಂಗುತ್ತಿದ್ದಷ್ಟು ದಿನ ಸುಧಾರಿಸಿದವರು, ಮಾತ್ರೆ ಮುಗಿದ ಮೇಲೆ ಮತ್ತೆ ಗೋಡೆ ಹಿಡಿದರು. ಮ್ಯಾನೇಜರು ಬಂದು, “ಗೇಟಿಗೆ ಒಬ್ರು ಬೇಕು ಯಜಮಾನ್ರೇ, ಗೇಟಿನ ಪಕ್ಕ ಒಂದು ವಿಗ್ರಹ ಬೇಡ,” ಎಂದು ಗಡುವು ಕೊಟ್ಟು ಹೋದರು. ಗಂಡನ ಕೆಲಸ ಹೋದರೆ ಗೇಟಿನ ಪಕ್ಕದ ಒಂದು ಕೋಣೆಯ ಮನೆಯೂ ಹೋಗುತ್ತದೆ. ಏಳುನೀರಕ್ಕನ ಮುಖ ಸಪ್ಪಗಾಯಿತು. ನರ್ಸಮ್ಮನಿಗೂ ಒಗಟು: ಒಂದೇ ಅಕ್ಕಿ, ಒಂದೇ ಒಲೆ, ಇವರೊಬ್ಬರಿಗೇ ಯಾಕೆ ಹೀಗೆ?

ಒಗಟು ಬಿಡಿಸಿದ್ದು ಪೈಲ್ವಾನ್. ಒಂದು ಸಂಜೆ ನರ್ಸಮ್ಮ ಮನೆಗೆ ಹೊರಟಾಗ ಅದು ಹಿತ್ತಲಿನ ಬಾನಿ ಬಿಟ್ಟು, ಗೇಟಿನ ಪಕ್ಕದ ಕೋಣೆಯ ಬಚ್ಚಲಿನ ಮೋರಿಗೆ ಬಾಯಿಟ್ಟು, ಬಾಲ ಅಲ್ಲಾಡಿಸುತ್ತ ನಿಂತಿತ್ತು. ಮೋರಿಯಲ್ಲಿ ಬೆಳ್ಳನೆಯ ನೀರು ಹರಿಯುತ್ತಿತ್ತು.

ನರ್ಸಮ್ಮ ಬಾಗಿಲು ತಳ್ಳಿದರು. ಏಳುನೀರಕ್ಕ ಪುಟ್ಟ ಪಾತ್ರೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು, ಅಂಗಡಿಯಿಂದ ತಂದ ಹೊಳೆಯುವ ಅಕ್ಕಿಯನ್ನು ತೊಳೆಯುತ್ತಿದ್ದರು.

“ಎಷ್ಟನೇ ನೀರು ಅಕ್ಕ?”

“ಐದು,” ಎಂದು ಅಕ್ಕ ತಲೆ ತಗ್ಗಿಸಿದರು. ಆಮೇಲೆ ಕಟ್ಟೆ ಒಡೆಯಿತು. “ಹುಡುಗರಿಗೇನೋ ಹಾಕ್ತೀನಿ ನರ್ಸಮ್ಮ. ಆದ್ರೆ ಕಟ್ಕೊಂಡ ಗಂಡನಿಗೆ ಮಣ್ಣಿನ ಬಣ್ಣದ ಅನ್ನ ಹೇಗೆ ಬಡಿಸ್ಲಿ? ಮೊದಲೇ ಕಾಲಿಲ್ಲದೆ ಕೂತಿದ್ದಾರೆ. ಒಂದು ತುತ್ತು ಬೆಳ್ಳನೆ ಅನ್ನಾನಾದ್ರೂ ತಿನ್ಲಿ ಅಂತ.”

ನರ್ಸಮ್ಮ ಬೈಯಲಿಲ್ಲ. “ಅಕ್ಕ, ನಿಮ್ಮ ಪ್ರೀತಿ ಜಾಸ್ತಿಯಾಗಿ ಅವರ ಕಾಲಿಗೆ ಬಂದಿದೆ. ಒಂದೈದು ನೀರು ಕಮ್ಮಿ ಮಾಡಿ,” ಎಂದರು.

ಗೋಡೆಗೆ ಒರಗಿ ಎಲ್ಲ ಕೇಳಿಸಿಕೊಳ್ಳುತ್ತಿದ್ದ ಗಂಡ ಅಚ್ಚರಿಯಿಂದ ಕೇಳಿದರು: “ಬೇರೆ ಅನ್ನ ಮಾಡ್ತಿದ್ಯಾ ನಂಗೆ? ಬಣ್ಣ ಬೇರೆ ಇತ್ತಾ?”

“ನಿಮ್ಗೆ ಗೊತ್ತಾಗ್ಲಿಲ್ವಾ?”

“ಊಟದ ಹೊತ್ತಲ್ಲಿ ನಾನು ಗೇಟು ನೋಡ್ತಿರ್ತೀನಿ ಕಣೇ. ತಟ್ಟೆ ಯಾವತ್ತು ನೋಡಿದ್ದೀನಿ?”

ಏಳುನೀರಕ್ಕ ಪಾತ್ರೆ ಕೆಳಗಿಟ್ಟರು. ಮದುವೆಯಾದಾಗಿನಿಂದ ಈ ಮನುಷ್ಯನಿಗಾಗಿ ಎಷ್ಟು ಕೆರೆ ನೀರು ಖರ್ಚು ಮಾಡಿದ್ದರೋ! “ಅವತ್ತು ಬಂದ ಅಳು ಕಾಲುನೋವಿಗೆ ಬಂದಿರ್ಲಿಲ್ಲ,” ಎನ್ನುತ್ತಾರೆ. “ಆಮೇಲೆ ಸಿಟ್ಟು ಬಂತು. ಆಮೇಲೆ ನಗು ಬಂತು. ಆಮೇಲೆ ಎದ್ದು ಹಾಸ್ಟೆಲಿನ ಅನ್ನ ತಂದು ಬಡಿಸ್ದೆ. ಇವರು ಗೇಟು ನೋಡ್ಕೊಂಡು ತಿಂದ್ರು.”

ಆ ಸಂಜೆಯಿಂದ ಇವತ್ತಿನ ಬೆಳಿಗ್ಗೆಯವರೆಗೆ, ಈ ಕೆಲವು ವಾರ, ಗಂಡ ತಿಂದದ್ದು ಎರಡು ನೀರಿನ ಅನ್ನ, ಅದರ ಮೇಲೆ ಕಾಳು, ನರ್ಸಮ್ಮ ಮತ್ತೆ ಕೊಟ್ಟ ಮಾತ್ರೆ. ನಿನ್ನೆ ಗೋಡೆ ಬಿಟ್ಟು ನಡೆದರಂತೆ. ಆದರೆ ಸ್ಟೂಲಿನಿಂದ ಏಳುವ ಮಾತು ಬೇರೆ. ಎರಡು ಸಲ ಎದ್ದರು, ಮೂರನೆಯ ಸಲ ಆಗಲಿಲ್ಲ.

ಈಗ ಬಿಸಿಲು ಅಡುಗೆಮನೆಯ ಒಳಗೆ ಬಂದಿದೆ. ಕಂದು ಅನ್ನ ಕೊಪ್ಪರಿಗೆಯಲ್ಲಿ ನೀರನ್ನೆಲ್ಲ ತಾನೇ ಕುಡಿದು ಹದಕ್ಕೆ ಬಂದಿದೆ. ಏಳುನೀರಕ್ಕ ಸೌಟು ಹಿಡಿದು ಕಿಟಕಿಯಲ್ಲಿ ನಿಂತಿದ್ದಾರೆ. ಬೆನ್ನ ಹಿಂದೆ ಸಹಾಯಕಿ, ಅವಳ ಹಿಂದೆ ತಟ್ಟೆ ಹಿಡಿದ ಒಂಟಿಚಪ್ಪಲಿ. ಗೋಡೆಯ ಮೇಲೆ ಮೇಕೆಯಜ್ಜಿಯ ತಲೆಯೊಂದು, ಪೈಲ್ವಾನ್ ತಲೆಯೊಂದು. ಗೇಟಿನ ಬಳಿ ಮ್ಯಾನೇಜರು ಕೈ ಕಟ್ಟಿ ನಿಂತಿದ್ದಾರೆ.

ಲಾರಿ ಬರುತ್ತದೆ. ಹಾರನ್ ಕೂಗುತ್ತದೆ.

“ಬಂದೆ,” ಎನ್ನುತ್ತಾರೆ ಗೇಟಿನವರು.

ಕೈ ಮೊಣಕಾಲಿನ ಕಡೆಗೆ ಹೊರಡುತ್ತದೆ. ಇತ್ತ ಕಿಟಕಿಯಲ್ಲಿ ಏಳುನೀರಕ್ಕ ತಮ್ಮ ಬಲಗೈಯನ್ನು ಬೈಯುವ ದನಿಯಲ್ಲೇ, “ಬೇಡ, ಊರ್ಬೇಡಿ,” ಎಂದು ಪಿಸುಗುಡುತ್ತಾರೆ. ಅಷ್ಟು ದೂರಕ್ಕೆ ಕೇಳಿಸಲು ಸಾಧ್ಯವಿಲ್ಲ. ಆದರೂ ಗಂಡನ ಕೈ ಅರ್ಧದಲ್ಲಿ ನಿಲ್ಲುತ್ತದೆ. ಬೆನ್ನು ಮುಂದಕ್ಕೆ ಬಾಗುತ್ತದೆ, ಸ್ಟೂಲು ಕಿರುಗುಟ್ಟುತ್ತದೆ, ಮನುಷ್ಯ ಎದ್ದು ನಿಲ್ಲುತ್ತಾರೆ. ಒಂದು ಸಲ ಓಲಾಡುತ್ತಾರೆ. ಅಗುಳಿ ಎತ್ತುತ್ತಾರೆ. ಡ್ರೈವರು ಎರಡನೆಯ ಹಾರನ್ ಒತ್ತುವ ಮೊದಲು ಗೇಟು ತೆರೆದಿರುತ್ತದೆ. ಒಳಗೆ ಬಂದ ಡ್ರೈವರು ಕಿಟಕಿಯಿಂದ ತಲೆ ಹಾಕಿ, “ಏನ್ ಯಜಮಾನ್ರೇ, ಇವತ್ತು ನಂಗೆ ಕೆಲಸಾನೇ ಕೊಡ್ಲಿಲ್ಲ!” ಎನ್ನುತ್ತಾನೆ. ಮ್ಯಾನೇಜರು ಕಟ್ಟಿದ ಕೈ ಬಿಟ್ಟು, ಅಡುಗೆಮನೆಯ ಕಡೆ ನೋಡಿ ಒಮ್ಮೆ ತಲೆದೂಗಿ ಹೋಗುತ್ತಾರೆ.

ಏಳುನೀರಕ್ಕ ಮೂಗು ಒರೆಸಿಕೊಂಡು, “ಏನು ನೋಡ್ತೀರಿ? ತಟ್ಟೆ ತನ್ನಿ,” ಎಂದು ಎಲ್ಲರ ಮೇಲೂ ರೇಗುತ್ತಾರೆ. ಇನ್ನೂರು ತಟ್ಟೆಗೆ ಬಡಿಸಿ ಮುಗಿಸಿ, ಕೊನೆಯ ಕಂದು ಅಗುಳನ್ನು ಸೌಟಿನಿಂದ ಕೆರೆದು, ತಾವೂ ಒಂದು ತಟ್ಟೆ ಹಿಡಿದು ಹಿತ್ತಲ ಮೆಟ್ಟಿಲ ಮೇಲೆ ಕೂರುತ್ತಾರೆ. ಇನ್ನೇನಾದರೂ ಆಸೆ ಉಳಿದಿದೆಯೇ ಎಂದರೆ ಆಚೀಚೆ ನೋಡಿ ದನಿ ತಗ್ಗಿಸುತ್ತಾರೆ.

“ನರ್ಸಮ್ಮನಿಗೆ ಹೇಳ್ಬೇಡಿ. ಕೆಲಸ ಬಿಟ್ಟ ಮೇಲೆ ಒಂದೇ ಒಂದಿನ, ಒಂದು ಸೇರು ಅಕ್ಕಿನ ಏಳು ನೀರಲ್ಲಿ ತೊಳೀಬೇಕು. ತಿನ್ನೋಕಲ್ಲ, ಸುಮ್ನೆ ನೋಡೋಕೆ.”

ಮತ್ತೆ ಆ ತೊಳೆದ ನೀರು ಯಾರಿಗೆ?

ಗೋಡೆಯ ಮೇಲೆ ಮುಂಗಾಲಿಟ್ಟು ತಮ್ಮನ್ನೇ ನೋಡುತ್ತಿರುವ ಪೈಲ್ವಾನ್ ಕಡೆಗೆ ಅಕ್ಕ ಗಲ್ಲ ಎತ್ತಿ ತೋರಿಸುತ್ತಾರೆ.

“ಅದಕ್ಕೇ. ಅದರ ಬಾಯಿಂದ ಕಿತ್ಕೊಂಡು ತಾನೇ ಇವರೆಲ್ಲ ಎದ್ದು ನಿಂತದ್ದು?”